ಕಿವಿ ಮಡಿಸಿದ ಟಿಕೆಟ್ಟು

ಮನೆ, ಕಿಟಕಿ ಪಕ್ಕದ ಮೇಜು
ಭಾನುವಾರ, ಮಾರ್ಚ್ ೧೪, ಮಧ್ಯಾಹ್ನ ಎರಡು ಗಂಟೆ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಚಳಿಗಾಲದಲ್ಲಿ ಬರುತ್ತಿದ್ದ ಆ ಒಣಕೆಮ್ಮು ಈ ಸಲವಾದರೂ ನಿನ್ನನ್ನು ಬಿಟ್ಟಿತೇ? ದಿನವಿಡೀ ಕನ್ನಡಕದ ಗಾಜು ಉಜ್ಜಿ ಉಜ್ಜಿ ನಿನ್ನ ಕಣ್ಣೇ ಮಂಜಾಗಿದೆಯೇನೋ ಎಂದು ಅಮ್ಮನ ಚಿಂತೆ. ನನ್ನ ಚಿಂತೆ ಬೇರೆ. ಆ ಕಾರ್ಖಾನೆಯಲ್ಲಿ ಎಂಟು ಗಂಟೆ ಮೀರಿ ದುಡಿಸಿದರೆ ಹೆಚ್ಚಿನ ಕೂಲಿ ಕೊಡುತ್ತಾರೋ ಇಲ್ಲವೋ? ಕೊಡದಿದ್ದರೆ ಎರಡು ಸಾಲು ಬರೆ, ಕರಪತ್ರ ನಾನು ಮಾಡಿಕೊಡುತ್ತೇನೆ. ನಗಬೇಡ. ಪ್ರೆಸ್ಸಿನಲ್ಲಿ ಕರಪತ್ರ ಮಡಿಸುವ ಕೆಲಸಕ್ಕೆ ಸೇರಿದ ಮೇಲೆ ಮಡಿಸಿದ್ದನ್ನೆಲ್ಲ ಓದಿದ್ದೇನೆ. ಓದಿದ್ದನ್ನು ನಂಬಿದ್ದೇನೆ. ಈಗ ಬರೆಯುತ್ತಲೂ ಇದ್ದೇನೆ.

ಅಮ್ಮ ಮೊಣಕಾಲು ನೋವೊಂದು ಬಿಟ್ಟರೆ ಗಟ್ಟಿಯಾಗಿದ್ದಾಳೆ. ಅಪ್ಪ ಹಾಗೇ ಇದ್ದಾರೆ. ಪಾರ್ಶ್ವವಾಯು ಹೊಡೆದು ಈ ತಿಂಗಳಿಗೆ ಒಂದು ವರ್ಷ. ಮಾತಿಲ್ಲ, ಬಲಗಡೆ ಪೂರ್ತಿ ಸ್ವಾಧೀನವಿಲ್ಲ, ಕಣ್ಣು ಮಾತ್ರ ಮನೆಯಲ್ಲಿ ಓಡಾಡುವವರ ಹಿಂದೆಯೇ ಹೋಗುತ್ತದೆ. ಇದನ್ನೆಲ್ಲ ಹಿಂದಿನ ಮೂರು ಪತ್ರದಲ್ಲೂ ಬರೆದಿದ್ದೆ. ನಿನ್ನಿಂದ ಒಂದಕ್ಕೂ ಉತ್ತರ ಬರಲಿಲ್ಲ. ಅದಕ್ಕೇ ಇದನ್ನು ಗಾಡಿಯಲ್ಲಿ ಟಿಕೆಟ್ ತಪಾಸಣೆ ಮಾಡುವ ಟಿಸಿ ಮಾಮನ ಕೈಯಲ್ಲಿ ಕಳಿಸುತ್ತಿದ್ದೇನೆ. ಸಂಜೆ ಗಾಡಿಗೆ ಅವರದೇ ಡ್ಯೂಟಿ. ನಾಳೆ ಬೆಳಿಗ್ಗೆ ನಿನ್ನ ಕಾರ್ಖಾನೆ ಗೇಟಿನಲ್ಲಿ ನಿಂತು ಕೈಗೇ ಕೊಡುತ್ತಾರಂತೆ. ಹರಿದುಹಾಕುವುದಾದರೆ ಓದಿಯಾದ ಮೇಲೆ ಹರಿ. ಅಷ್ಟಾದರೂ ನ್ಯಾಯ ಇರಲಿ.

ಸ್ಟೇಷನ್ನಿನ ಟಿಕೆಟ್ ಕೌಂಟರ್ ಮುಚ್ಚಿದ್ದು ನಿನಗೆ ಗೊತ್ತು. ಅಪ್ಪ ಮೂವತ್ತೊಂದು ವರ್ಷ ಕೂತ ಕಿಟಕಿಗೆ ಈಗ ತಗಡು ಹೊಡೆದಿದ್ದಾರೆ. ಪಕ್ಕದಲ್ಲಿ ಬೀರುವಿನ ಎತ್ತರದ ಒಂದು ಮಷೀನು. ಗಾಜಿನ ಮೇಲೆ ಬೆರಳಿಟ್ಟು ಊರು ಆರಿಸಬೇಕು, ಎಷ್ಟು ಜನ ಒತ್ತಬೇಕು, ಹೋಗಲು ಮಾತ್ರವೋ ಹೋಗಿ ಬರಲೋ ಒತ್ತಬೇಕು. ಆಮೇಲೆ ಕೆಳಗಿನ ಬಾಯಿಯಿಂದ ಟಿಕೆಟ್ ಜಾರುತ್ತದೆ. ನಾನು ಮೊದಲ ದಿನವೇ ಬಹಿಷ್ಕಾರ ಸಾರಿದೆ. ‘ಕಿಟಕಿ ತೆರೆಯಿರಿ’ ಎಂದು ಎಂಟುನೂರು ಕರಪತ್ರ ಹಂಚಿದೆ. ಜನ ಅದರಲ್ಲಿ ಬೆಂಚು ಒರೆಸಿಕೊಂಡು ಕೂತರು. ಅಕ್ಷರ ಬಾರದ ಮುದುಕಿಯರು ನನ್ನನ್ನೇ ಹಿಡಿದು, ಇದು ಹೇಗೆ ಒತ್ತೋದು ಮಗಳೇ ಎಂದರು. ಗಾಡಿ ಬರುವ ಹೊತ್ತಿನಲ್ಲಿ ಸಿದ್ಧಾಂತ ಹೇಳುತ್ತಾ ನಿಲ್ಲಲಾಗುತ್ತದೆಯೇ? ಒತ್ತಿಕೊಟ್ಟೆ. ಈಗ ದಿನಾ ಸಂಜೆ ಅದೇ ಕೆಲಸ. ಬಹಿಷ್ಕಾರ ಹಾಕಿದವಳೇ ಅದಕ್ಕೆ ಗುಮಾಸ್ತೆಯಾದಳು ಎಂದು ಅಮ್ಮ ಸಿಕ್ಕವರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಹೀಗೆ ಒತ್ತಿಕೊಡುವಾಗಲೇ ಅದು ಕಣ್ಣಿಗೆ ಬಿತ್ತು. ಕಣ್ಣಾಸ್ಪತ್ರೆಗೆ ಒಬ್ಬಳೇ ಹೊರಟ ಮುದುಕಿಯ ಟಿಕೆಟ್ ಹೊರಗೆ ಬಂದಾಗ ಅದರ ಬಲಗಡೆಯ ಮೇಲಿನ ಮೂಲೆ ಮಡಿಚಿಕೊಂಡಿತ್ತು, ಪುಸ್ತಕದ ಹಾಳೆಗೆ ಗುರುತಿಗೆ ಕಿವಿ ಮಡಿಸುತ್ತೇವಲ್ಲ ಹಾಗೆ. ಮಷೀನಿನಲ್ಲಿ ಎಲ್ಲೋ ಸಿಕ್ಕಿಕೊಂಡಿರಬೇಕು ಎಂದುಕೊಂಡೆ. ಅವಳ ಹಿಂದಿದ್ದ ಗಂಡ ಹೆಂಡತಿಯ ಟಿಕೆಟ್ ನೆಟ್ಟಗಿತ್ತು. ಮರುದಿನ ತುಂಬಿದ ಬಸುರಿಯೊಬ್ಬಳು ಒಂಟಿಯಾಗಿ ಹೊರಟಿದ್ದಳು. ಅವಳದಕ್ಕೂ ಕಿವಿ. ಅಕ್ಕಾ, ನಾಲ್ಕು ವರ್ಷದಿಂದ ದಿನಕ್ಕೆ ಎರಡು ಸಾವಿರ ಕಾಗದ ಮಡಿಸುವವಳು ನಾನು. ಯಂತ್ರ ಮಡಿಸಿದ್ದು ಯಾವುದು, ಕೈ ಮಡಿಸಿದ್ದು ಯಾವುದು ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಯಂತ್ರದ ಮಡಿಕೆ ಒಂದೇ ಸಮ ಇರುತ್ತದೆ. ಇದು ಹೆಬ್ಬೆರಳಿನ ಉಗುರಿನಿಂದ ಎಳೆದ ಮಡಿಕೆ. ಸಾಲದ್ದಕ್ಕೆ ಒಂದು ಗೆರೆ ಅಲ್ಲ, ಕೂದಲೆಳೆಯ ಅಂತರದಲ್ಲಿ ಎರಡು ಗೆರೆ. ಕಿಟಕಿಯ ಬಾಗಿಲು ಬಿದ್ದು ನಡುವೆ ಸೀಳಿಹೋದ ಉಗುರು ಯಾರದೆಂದು ನಿನಗೆ ನೆನಪಿದೆಯಲ್ಲ? ಚಿಕ್ಕಂದಿನಲ್ಲಿ ನಾವಿಬ್ಬರೂ ಜಗಳವಾಡಿಕೊಂಡು ಮುಟ್ಟಿ ನೋಡುತ್ತಿದ್ದ ಅಪ್ಪನ ಉಗುರು.

ನಾನು ಹೆದರುವವಳಲ್ಲ. ಕಣ್ಣಾರೆ ಕಂಡರೂ ಕಾರಣ ಕೇಳಿ ಎಂದು ಊರಿಗೆಲ್ಲ ಅಚ್ಚು ಹಾಕಿಸಿ ಹಂಚಿದವಳು. ರಿಪೇರಿಯವನಿಗೆ ಮೂರು ದೂರು ಬರೆದು ಕರೆಸಿದೆ. ಮಟಮಟ ಮಧ್ಯಾಹ್ನ, ಅವನು ಬೀಗ ತೆಗೆದು ಒಳಗೆಲ್ಲ ತೋರಿಸಿದ. ಕಾಗದದ ಸುರುಳಿ, ಎರಡು ರಬ್ಬರ್ ಉರುಳೆ, ಒಂದು ಬ್ಲೇಡು. ಮಡಿಸೋಕೆ ಇದಕ್ಕೆ ಕೈ ಎಲ್ಲಿದೆ ತಂಗಿ ಎಂದು ನಕ್ಕ. ಪರೀಕ್ಷೆಗೆಂದು ಇಪ್ಪತ್ತು ಟಿಕೆಟ್ ತೆಗೆದ. ಇಪ್ಪತ್ತೂ ನೆಟ್ಟಗೆ. ಅಷ್ಟರಲ್ಲಿ ಊರುಗೋಲಿನ ಅಜ್ಜ ಒಬ್ಬರು ಬಂದು, ಮಗಳ ಮನೆಗೆ ಹೋಗಬೇಕು, ಜೊತೆಗೆ ಯಾರೂ ಇಲ್ಲ ಎಂದರು. ಮಷೀನಿನ ಬಾಗಿಲು ತೆರೆದೇ ಇತ್ತು. ಅವರ ಟಿಕೆಟ್ ಉರುಳೆಯಿಂದ ನೆಟ್ಟಗೆ ಬಂದದ್ದನ್ನು ಇಬ್ಬರೂ ನೋಡಿದೆವು. ಬಾಯಿಯಿಂದ ಹೊರಗೆ ಜಾರುವಷ್ಟರಲ್ಲಿ ಕಿವಿ ಮಡಿಸಿತ್ತು. ಅವನು ನಗಲಿಲ್ಲ. ಬೀಗ ಹಾಕಿದ, ಕೈ ಒರೆಸಿಕೊಂಡ, ನನ್ನ ದೂರಿನ ಪುಸ್ತಕಕ್ಕೆ ಸಹಿಯನ್ನೂ ಹಾಕದೆ ಹೋದ.

ಮಡಿಸಿದ ಟಿಕೆಟ್ಟನ್ನು ನಾನು ತೋರಿಸಿದ್ದು ಟಿಸಿ ಮಾಮನಿಗೆ. ಅವರು ಗಾಡಿಯ ಮೆಟ್ಟಿಲಲ್ಲೇ ಕೂತುಬಿಟ್ಟರು. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರದ ಸಂಗತಿ ಹೇಳಿದರು. ಒಂಟಿಯಾಗಿ ಹೋಗುವ ವಯಸ್ಸಾದವರು, ಹೆಣ್ಣುಮಕ್ಕಳು, ಮೊದಲ ಸಲ ಊರು ಬಿಡುವವರು ಕಿಟಕಿಗೆ ಬಂದರೆ ಅಪ್ಪ ಟಿಕೆಟ್ಟಿನ ಮೂಲೆ ಮಡಿಸಿ ಕೊಡುತ್ತಿದ್ದರಂತೆ. ಈ ದಾರಿಯ ಟಿಸಿಗಳಿಗೆಲ್ಲ ಅದು ಗೊತ್ತು. ಕಿವಿ ಮಡಿಸಿದ ಟಿಕೆಟ್ ಕಂಡರೆ, ಇವರನ್ನು ನೋಡಿಕೋ ಎಂದು ಅರ್ಥ. ಇಳಿಯುವ ಊರು ಬಂದಾಗ ಎಬ್ಬಿಸಬೇಕು, ಪಕ್ಕದಲ್ಲಿ ಕುಡುಕ ಕೂತರೆ ಎಬ್ಬಿಸಿ ಕಳಿಸಬೇಕು. ತಲೆ ತಗ್ಗಿಸಿಕೊಂಡೇ ಟಿಕೆಟ್ ಕೊಡುವ ಅಪ್ಪನಿಗೆ ಯಾರು ಒಂಟಿ ಎಂದು ಹೇಗೆ ತಿಳಿಯುತ್ತಿತ್ತು ಎಂದು ಕೇಳಿದೆ. ಮಾಮ ಅಪ್ಪನ ಮಾತನ್ನೇ ಹೇಳಿದರು: “ಮುಖ ನೋಡಿದ್ರೆ ಟಿಕೆಟ್ ಕೊಡೋಕೆ ಮನಸ್ಸು ಬರಲ್ಲ ಕಣಯ್ಯಾ. ನಾನು ಕೈ ನೋಡ್ತೀನಿ.”

ನೀನು ಹೋದ ದಿನದ ಬಗ್ಗೆ ಬರೆದ ಒಂದೇ ಒಂದು ಪತ್ರ ನನ್ನ ಹತ್ತಿರ ಇದೆ. ಅಪ್ಪ ಬೇಡ ಎಂದ ಕೆಲಸಕ್ಕೆ ಹೊರಟು ಅಪ್ಪನ ಕಿಟಕಿಯಲ್ಲೇ ನಿಂತಿದ್ದೆ. ಅವರು ತಲೆ ಎತ್ತದೆ, “ಹೋಗೋದಕ್ಕೆ ಮಾತ್ರಾನಾ, ಹೋಗಿ ಬರೋದಕ್ಕಾ?” ಎಂದು ಕೇಳಿದರು. ನೀನು “ಹೋಗೋದಕ್ಕೆ” ಅಂದೆ. ಯಾರೋ ದಾರಿಹೋಕಳಿಗೆ ಕೊಟ್ಟ ಹಾಗೆ ಕೊಟ್ಟರು, ಅದನ್ನು ಸಾಯುವವರೆಗೆ ಮರೆಯುವುದಿಲ್ಲ ಎಂದು ಬರೆದಿದ್ದೀಯ. ಪಕ್ಕದಲ್ಲಿ ಯಾರೂ ಕೂರಬಾರದೆಂದು ದಾರಿಯುದ್ದಕ್ಕೂ ಸೀಟಿನ ಮೇಲೆ ಚೀಲ ಇಟ್ಟುಕೊಂಡು ಅತ್ತೆ ಎಂದೂ ಬರೆದಿದ್ದೀಯ. ಅದೇ ಪತ್ರದ ಕೊನೆಯಲ್ಲಿ, ಒಬ್ಬ ಟಿಸಿ ಮಾತ್ರ ಒಳ್ಳೆಯವರು, ಮೂರು ಸಲ ಬಂದು ನೀರು ಬೇಕಾ ಎಂದು ಕೇಳಿದರು, ಊರು ಬಂದಾಗ ಚೀಲ ಇಳಿಸಿಕೊಟ್ಟರು ಎಂದಿದೆ. ಅಕ್ಕಾ, ಆ ಟಿಸಿಯೇ ಈ ಮಾಮ. ಮೂವತ್ತೊಂದು ವರ್ಷದಲ್ಲಿ ಮೇಲಿನ ಎರಡು ಮೂಲೆಯೂ ಮಡಿಸಿದ ಟಿಕೆಟ್ ತಾವು ಕಂಡದ್ದು ಒಂದೇ, ಅದು ನಿನ್ನದು ಎಂದರು. ನಾಳೆ ಗೇಟಿನಲ್ಲಿ ಸಿಗುತ್ತಾರಲ್ಲ, ನೀನೇ ಕೇಳು.

ಇನ್ನೊಂದು ಉಳಿದಿದೆ. ಬರೆಯಲು ನನಗೇ ನಾಚಿಕೆ. ಹೋದ ವಾರ ಅಮ್ಮ ಅಪ್ಪನ ಹೊದಿಕೆ ಕೊಡವುವಾಗ ಮೂಲೆಯಲ್ಲಿ ಗಟ್ಟಿ ಮಡಿಕೆ ಕಂಡಳು. ಇಸ್ತ್ರಿ ಹಾಕಿದರೂ ಹೋಗದ ಮಡಿಕೆ. ಕೂತು ನೋಡಿದರೆ ಅಪ್ಪನ ಬಲಗೈ, ಡಾಕ್ಟರು ಇನ್ನು ಆಡುವುದಿಲ್ಲ ಎಂದ ಕೈ, ಹೊದಿಕೆಯ ಅಂಚನ್ನು ಚಿವುಟಿ ಹಿಡಿದು ಮಡಿಸುತ್ತಿತ್ತಂತೆ. ಹೆಬ್ಬೆರಳು ಒಮ್ಮೆ ಎಳೆದು ಸುಮ್ಮನಾಗುತ್ತಿತ್ತು. ನಾಲ್ಕು ದಿನ ಅವಳು ಮನೆಯ ಗಡಿಯಾರ ನೋಡಿ ಕ್ಯಾಲೆಂಡರಿನ ಅಂಚಿನಲ್ಲಿ ಹೊತ್ತು ಬರೆದಳು. ನಾನು ಪ್ರೆಸ್ಸಿಗೆ ರಜೆ ಹಾಕಿ, ಮಷೀನಿನ ಪಕ್ಕ ನಿಂತು ಕಿವಿ ಮಡಿಸಿದ ಟಿಕೆಟ್ ಬಂದ ಹೊತ್ತು ಬರೆದೆ. ನಿನ್ನೆ ಸಂಜೆ ಎರಡನ್ನೂ ಈ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ನೋಡಿದೆವು. ಒಂದೊಂದು ಹೊತ್ತೂ ತಾಳೆಯಾಯಿತು. ಅಮ್ಮ ಎದ್ದು ಹೋಗಿ ಅಪ್ಪನ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಐದೂ ಹತ್ತರ ಗಾಡಿಗೆ ಮುಂಚೆ ಆ ಕೈ ಅವಳ ಸೆರಗನ್ನು ಮಡಿಸಿತು.

ಇದಕ್ಕೆ ಕಾರಣ ನನ್ನ ಹತ್ತಿರ ಇಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯುವುದಿಲ್ಲ. ಆದರೆ ಇಷ್ಟು ಗೊತ್ತು. ಮಾತು ಹೋದ ಮೇಲೂ, ಕಿಟಕಿ ಹೋದ ಮೇಲೂ, ಗುರುತಿಲ್ಲದ ಜನರನ್ನು ಗಾಡಿ ಹತ್ತಿಸಿ ಯಾರಿಗೋ ಒಪ್ಪಿಸುತ್ತಿರುವ ಮನುಷ್ಯ ನಮ್ಮ ಮನೆಯ ಮಂಚದ ಮೇಲಿದ್ದಾರೆ. ಡಾಕ್ಟರು ಇನ್ನು ಹೆಚ್ಚು ದಿನವಿಲ್ಲ ಎಂದಿದ್ದಾರೆ. ಅವರ ಕಣ್ಣು ನಮ್ಮಿಬ್ಬರನ್ನು ನೋಡಿಯಾದ ಮೇಲೆ ಬಾಗಿಲಿನ ಕಡೆ ಹೋಗುತ್ತದೆ. ನಿನಗೆ ಅನ್ಯಾಯವಾಗಿದೆ, ಅದನ್ನು ಯಾವ ಸಭೆಯಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಬಂದು ಅವರ ಮುಖದ ಮೇಲೇ ಜಗಳವಾಡು. ಆದರೆ ಬಾ.

ಅಮ್ಮನ ಆಶೀರ್ವಾದ. ಕೆಮ್ಮಿಗೆ ಬಿಸಿನೀರು ಕುಡಿ ಎಂದು ಅಡುಗೆಮನೆಯಿಂದಲೇ ಹೇಳುತ್ತಿದ್ದಾಳೆ.

ನಿನ್ನ ಜಗಳಗಂಟಿ ತಂಗಿ,
ಅಪ್ಪನ ಬಾಯಲ್ಲಿ ‘ಲಾಯರಮ್ಮ’

ಮರೆತ ಮಾತು: ಸ್ಟೇಷನ್ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ, ಅಕ್ಷರ ವಕ್ರವಾಗಿದ್ದರೆ ಬೈಯಬೇಡ, ಗಾಡಿ ಬರಲು ಆರು ನಿಮಿಷ. ಈ ಮಷೀನಿನಲ್ಲಿ ಯಾವ ಊರಿಂದ ಯಾವ ಊರಿಗಾದರೂ ಟಿಕೆಟ್ ಸಿಗುತ್ತದೆ. ನಿನ್ನ ಊರಿಂದ ಇಲ್ಲಿಗೆ ಒಂದು ತೆಗೆದು ಲಕೋಟೆಯಲ್ಲಿ ಇಟ್ಟಿದ್ದೇನೆ. ಒಬ್ಬರಿಗೆ, ತಿಂಗಳೊಳಗೆ ಯಾವ ದಿನವಾದರೂ ನಡೆಯುತ್ತದೆ. ಒಂಟಿ ಹೆಣ್ಣು, ಇಡೀ ರಾತ್ರಿಯ ದಾರಿ. ಕಿವಿ ಮಡಿಸಿ ಬರುತ್ತದೆ ಎಂದು ಎರಡೂ ಕೈ ಒಡ್ಡಿ ಹಿಡಿದೆ. ನೆಟ್ಟಗೆ ಬಂತು. ಒಂದು ಗೀರೂ ಇಲ್ಲ. ನನ್ನ ಹಿಂದೆ ಒಂಟಿಯಾಗಿ ಹೊರಟಿದ್ದ ಮುದುಕಿಯದೂ ನೆಟ್ಟಗೇ ಬಂತು. ಅಮ್ಮನಿಗೆ ಫೋನ್ ಮಾಡಿದೆ. ಅಪ್ಪ ಉಸಿರಾಡುತ್ತಿದ್ದಾರಂತೆ. ಆದರೆ ಕೈ ಮಡಿಸುವುದನ್ನು ಬಿಟ್ಟಿದೆ. ಬೆರಳೆಲ್ಲ ಬಿಡಿಸಿ ಅಂಗೈ ಮೇಲೆ ಮಾಡಿ ಚಾಚಿದ್ದಾರಂತೆ, ಕಿಟಕಿಯ ಈಚೆ ಕಡೆ ನಿಂತು ಟಿಕೆಟ್ ಕೇಳುವವರ ಹಾಗೆ. ಕಿವಿ ಮಡಿಸದ ಟಿಕೆಟ್ ಅಂದರೆ ಜೊತೆಗೆ ಇನ್ನೊಬ್ಬರು ಇದ್ದಾರೆ ಎಂದು ಅರ್ಥ, ಇಲ್ಲೇ ಗಾಡಿಗೆ ಕಾಯುತ್ತಿರುವ ಮಾಮ ಈಗಷ್ಟೇ ಹೇಳಿದರು. ನಾನು ಇದನ್ನು ನಂಬುವುದಿಲ್ಲ. ನಾಳೆಯ ಗಾಡಿಗೇ ಹತ್ತು. ಪಕ್ಕದ ಸೀಟಿನ ಮೇಲೆ ಚೀಲ ಇಡಬೇಡ.