ಪ್ರಕಾಶಕರು: ಲೇಖಕಿಯೇ

ಏಪ್ರಿಲ್ 6, ಭಾನುವಾರ

ಇವತ್ತೂ ಗೋಂದು, ಕತ್ತರಿ, ಕಂದು ಕಾಗದ. ಬುಕ್ ಪೋಸ್ಟಿಗೆ ಹೋಗಬೇಕಾದ ಪ್ರತಿಗಳನ್ನು ಸುತ್ತಿದ್ದೇ ಸುತ್ತಿದ್ದು. ಬೆರಳ ತುದಿಯಲ್ಲಿ ಗೋಂದು ಒಣಗಿ ಸಿಪ್ಪೆ ಏಳುತ್ತಿದೆ. ನನ್ನ ಗಂಡ ಸಂಪತ್ ದೇವಸ್ಥಾನದ ಪಾಳಿ ಮುಗಿಸಿ ಬಂದವರು ಹಾಲ್ ನೋಡಿ ಬಾಗಿಲಲ್ಲೇ ನಿಂತರು. "ಗೋದಾ, ಮನೇಲಿ ಕಾಲಿಡೋಕೆ ಜಾಗ ಇಟ್ಟಿದ್ದೀಯಾ?" ಒಂದು ವಾರ ಸಹಿಸಿಕೊಳ್ಳಿ ಅಂದೆ.

ಬೆಂಗಳೂರಿನ ಇಬ್ಬರು ಪ್ರಕಾಶಕರು ತೆಗೆದುಕೊಳ್ಳದ ಪುಸ್ತಕ. ಒಬ್ಬರು "ಹಸು ಸಾಕೋರು ಪುಸ್ತಕ ಕೊಳ್ಳಲ್ಲ ಮೇಡಂ" ಅಂದರು. ಇನ್ನೊಬ್ಬರು ಉತ್ತರವನ್ನೇ ಬರೆಯಲಿಲ್ಲ. ಮಾದಿಹಳ್ಳಿ ಪಶು ಆಸ್ಪತ್ರೆಯಲ್ಲಿ ಡಾಕ್ಟರಾಗಿ ಇಷ್ಟು ವರ್ಷ ದಿನಾ ಬಾಯಲ್ಲಿ ಹೇಳಿದ್ದನ್ನೇ ಬರೆದಿದ್ದೇನೆ — ಕೆಚ್ಚಲು ಬಾವು, ಹೊಟ್ಟೆಯುಬ್ಬರ, ಉಣ್ಣೆಹುಳು, ಕರುವಿನ ಭೇದಿ. ದಪ್ಪ ಅಕ್ಷರ. ಚಿತ್ರಗಳೂ ನನ್ನವೇ. ಐಎಸ್‌ಬಿಎನ್‌ಗೆ ಅರ್ಜಿ ಹಾಕಿದ್ದೂ ನಾನೇ. ಅರಸೀಕೆರೆಯಲ್ಲಿ ಜವರಪ್ಪನ ಪ್ರೆಸ್ಸಿನಲ್ಲಿ ಅಚ್ಚಾಗಿ ಬಸ್ಸಿನ ಟಾಪ್ ಮೇಲೆ ಬೇಲೂರಿಗೆ ಬಂತು. ಒಳಪುಟದಲ್ಲಿ ಒಂದು ಸಾಲು — "ಪ್ರಕಾಶಕರು: ಲೇಖಕಿಯೇ." ಎಷ್ಟು ಸಲ ತೆರೆದು ನೋಡಿದೆನೋ.

ಏಪ್ರಿಲ್ 12, ಶನಿವಾರ

ಅರಸೀಕೆರೆ ಬಸ್ ಸ್ಟ್ಯಾಂಡಿನ ಅಂಗಡಿಯವನು ನನ್ನ ಪುಸ್ತಕವನ್ನು ಪಂಚಾಂಗಗಳ ಹಿಂದೆ ಇಟ್ಟ. ಮುಂದೆ ಇಡಿ ಅಂದೆ. "ಓಡೋದು ಮುಂದೆ ಇರ್ತದೆ ಮೇಡಂ." ಸರಿ... ನನ್ನ ಪುಸ್ತಕದಂಗಡಿ ಹಾಲಿನ ಡೈರಿಗಳೇ.

ಮಾದಿಹಳ್ಳಿ ಡೈರಿ ಕಾರ್ಯದರ್ಶಿ ಚಿಕ್ಕಣ್ಣ ಹಾಲು ಅಳೆಯುವ ಮೇಜಿನ ಮೇಲೇ ಒಂದು ಬಂಡಲ್ ಬಿಚ್ಚಿಟ್ಟಿದ್ದ. ಇವತ್ತು ಹೋದರೆ ಮೇಜು ಖಾಲಿ. "ಹೆಣ್ಮಕ್ಳೇ ಎತ್ಕಂಡೋದ್ರು ಕಣ್ರಮ್ಮ. ಬಿಕ್ಕೋಡಿನ ಜೀಪು ಕುಮಾರನೂ ಒಂದಷ್ಟು ತಗಂಡೋದ, ಎಸ್ಟೇಟ್ ಕೂಲಿ ಲೈನಿನೋರು ಕೇಳಿದ್ರಂತೆ." ಯಾರು ಯಾರಿಗೆ ಹೋಯಿತು ಅಂತ ಕೇಳಿದೆ. "ಅದ್ನೆಲ್ಲ ಯಾರ್ ಬರ್ಕಂತಾರೆ? ಹಾಲು ಬರ್ಯದೇ ಸಾಕಾಗೈತೆ." ನಕ್ಕುಬಿಟ್ಟೆ. ಬರೆದಿಡಬೇಕು ಅಂತ ನನಗೂ ಹೊಳೆಯಲಿಲ್ಲ.

ಹಾಲು ಒಕ್ಕೂಟದ ಆಫೀಸಿನಿಂದ ಫೋನ್. ತಾಲ್ಲೂಕಿನ ಎಲ್ಲ ಡೈರಿಗಳಿಗೂ ಬೇಕಂತೆ. ಎರಡನೇ ಮುದ್ರಣ! ಸಂಪತ್‌ಗೆ ಕೂಗಿ ಹೇಳಿದೆ.

ಏಪ್ರಿಲ್ 19, ಶನಿವಾರ, ಸಂಜೆ

ಕೈಯಿಂದ ಔಷಧಿಯ ವಾಸನೆ ಇನ್ನೂ ಹೋಗಿಲ್ಲ.

ಮಧ್ಯಾಹ್ನ ಹಳೇಬೀಡಿನ ಕೆರೆ ಕೆಳಗಿನ ಕರಿಯಯ್ಯನ ಫೋನ್. "ಕರ ನಡುಗ್ತಾ ಐತೆ, ಬಾಯಲ್ಲಿ ನೊರೆ, ಬಿರ್ರನೆ ಬನ್ನಿ." ಹೋದೆ. ಹೆಣ್ಣು ಕರು, ಇನ್ನೂ ಹಾಲು ಬಿಡಿಸಿರಲಿಲ್ಲ. ಮೈಯೆಲ್ಲ ಔಷಧಿಯ ವಾಸನೆ. ಉಣ್ಣೆಗೆ ತೊಳೆದಿದ್ದಾನೆ. ಸೋಪು ನೀರು ಹುಯ್ದು ಉಜ್ಜಿದೆವು. ಇಂಜೆಕ್ಷನ್ ಕೊಟ್ಟೆ. ನನ್ನ ಕೈಯಲ್ಲೇ ಹೋಯಿತು.

"ಎಷ್ಟು ಬೆರೆಸಿದ್ರಿ?"

"ನೀವೇ ಬರ್ದಿದ್ದೀರಲ್ಲವ್ವ, ಅಷ್ಟೇಯ."

ಪುಸ್ತಕ ತಂದು ತೋರಿಸಿದ. ಪುಟ ಮೂವತ್ತೆಂಟು. ಲೀಟರ್ ನೀರಿಗೆ 20 ಮಿ.ಲೀ.

2.0 ಇರಬೇಕಾಗಿತ್ತು. ಚುಕ್ಕೆ ಇಲ್ಲ.

ಆಗ ಏನು ಹೇಳಿದೆ? ಬರೆಯಲೂ ನಾಚಿಕೆ. "ಔಷಧಿ ಸ್ವಲ್ಪ ಜಾಸ್ತಿಯಾಗಿದೆ" ಅಂದೆ. ಅಷ್ಟೇ. ಅವನ ಹೆಂಡತಿ ಗೊಂತಿನ ಹತ್ತಿರ ನಿಂತು ಕೇಳಿಸಿಕೊಂಡಳು. ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡೆ. ಕರಿಯಯ್ಯ ಕೇಳಿದ — "ಅದು ನಮ್ದಲ್ವಾ?" ಇನ್ನೊಂದು ತಂದುಕೊಡ್ತೀನಿ ಅಂದೆ.

ಏಪ್ರಿಲ್ 20, ಭಾನುವಾರ

ಎಲ್ಲ ಫೈಲ್ ತೆಗೆದು ನೋಡಿದೆ. ನಾನು ಕಳಿಸಿದ್ದರಲ್ಲಿ ಚುಕ್ಕೆ ಇದೆ. ಜವರಪ್ಪ ಕಳಿಸಿದ ಪ್ರೂಫಿನಲ್ಲಿ ಇಲ್ಲ. ಆ ಪ್ರೂಫಿನ ಮೇಲೆ ನನ್ನ ಸಹಿ.

ಫೋನ್ ಮಾಡಿದೆ. ಜಗಳವಾಡುವುದಕ್ಕೇ ಮಾಡಿದ್ದು.

"ನುಡಿ ಫಾಂಟಿಂದ ಯೂನಿಕೋಡಿಗೆ ತಿರುಗಿಸ್ಬೇಕಾದ್ರೆ ಒಂದೊಂದ್ಸಲ ಹಂಗಾಯ್ತದೆ ಮೇಡಂ. ಅದಕ್ಕೇ ಅಲ್ವಾ ಪ್ರೂಫ್ ಕಳ್ಸೋದು? ಸರಿ ಐತೆ ಅಂತ ಸೈನ್ ಹಾಕಿದ್ರಿ." ಆಮೇಲೆ ದನಿ ತಗ್ಗಿಸಿ, "ಕರ ಸತ್ತೋಯ್ತಾ? ಅಯ್ಯೋ... ಪ್ರೆಸ್ಸಲ್ಲಿ ಉಳ್ದಿರೋವಕ್ಕೆ ಇವತ್ತೇ ತಿದ್ದುಪಡಿ ಚೀಟಿ ಅಂಟಿಸ್ತೀನಿ."

ಒತ್ತು, ದೀರ್ಘ, ಅಲ್ಪವಿರಾಮ ಎಲ್ಲ ತಿದ್ದಿದ್ದೆ. ಅಂಕಿ ನೋಡಲಿಲ್ಲ. ಬಾಯಿಪಾಠವಾದ ಅಂಕಿಯನ್ನು ಕಣ್ಣು ಓದುವುದೇ ಇಲ್ಲ.

ಪ್ರೆಸ್ಸಿನಲ್ಲಿರುವವು ಸರಿ. ಮನೆಯಲ್ಲಿರುವವು ಸರಿ. ಕೊಟ್ಟಿಗೆಗಳಲ್ಲಿರುವವು? ಬಿಸಿಲು ಏರಿದೆ, ಉಣ್ಣೆಯ ಕಾಲ. ಪ್ರತಿ ಮನೆಯಲ್ಲೂ ತೊಳೆಯುತ್ತಾರೆ.

ಏಪ್ರಿಲ್ 21, ಸೋಮವಾರ

ಬೆಳಗ್ಗೆ ಸಂಪತ್ ಜೊತೆ ಮಾತಿಗೆ ಮಾತು.

"ಸುಮ್ನೆ ಡೈರಿಗಳಿಗೆ ಹೋಗಿ ವಾಪಸ್ ಇಸ್ಕೊ. ಹೊಸ ಮುದ್ರಣ ಬರ್ತಿದೆ, ಬದಲಾಯಿಸಿಕೊಡ್ತೀನಿ ಅನ್ನು. ಕರು ಸತ್ತಿದ್ದು ಬಾಯಿಬಿಟ್ಟರೆ ಸಸ್ಪೆಂಡ್ ಮಾಡ್ತಾರೆ."

"ಯಾರ ಹತ್ರ ಅಂತ ಇಸ್ಕೊಳ್ಳಲಿ? ಯಾರ ಹತ್ರ ಇದೆ ಅಂತಲೇ ಗೊತ್ತಿಲ್ಲ."

"ದೊಡ್ಡ ಪ್ರಕಾಶಕರಿಗೂ ತಪ್ಪಾಗುತ್ತೆ. ಅವರೇನು ಡಂಗುರ ಹೊಡಿಸ್ತಾರಾ?"

ಅವರ ಮಾತಿನಲ್ಲಿ ಭಯವಿತ್ತು, ಕೆಟ್ಟತನ ಇರಲಿಲ್ಲ. ನನಗೂ ಅದೇ ಭಯ. ಇಡೀ ಬೆಳಗ್ಗೆ ಅವರು ಹೇಳಿದಂತೆಯೇ ಮಾಡಿದೆ. ನಾಲ್ಕಾರು ಪ್ರತಿ ಸಿಕ್ಕವು. ಒಬ್ಬಾಕೆ ಕೊಡಲೇ ಇಲ್ಲ — "ಚೆನ್ನಾಗೈತಲ್ಲ, ಹೊಸದ್ಯಾಕೆ?" ನಗುತ್ತಾ ಒಳಗೆ ಹೋದಳು. ಅವಳ ಅಂಗಳದಲ್ಲಿ ಮೂರು ಹಸು ಕಟ್ಟಿದ್ದವು. ಬೀದಿಯ ತುದಿಯವರೆಗೆ ನಡೆದೆ. ತಿರುಗಿ ಹೋಗಿ ಅವಳಿಗೆ ನಿಜ ಹೇಳಿದೆ. ನಗು ಹೋಯಿತು.

ಡೈರಿಗೆ ಬಂದು ಚಿಕ್ಕಣ್ಣನ ಮುಂದೆಯೇ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದೆ. ನನ್ನ ಹೆಸರು, ಪುಸ್ತಕದ ಹೆಸರು, ಪುಟ. ಇಪ್ಪತ್ತಲ್ಲ, ಎರಡು. ಒಂದು ಕರು ಸತ್ತಿದೆ. ತಪ್ಪು ನನ್ನದು. ಅಕ್ಕಪಕ್ಕದವರಿಗೂ ಹೇಳಿ.

ಚಿಕ್ಕಣ್ಣ ಫೋನ್ ಹಿಡಿದುಕೊಂಡೇ ನಿಂತ. "ಕರ ಸತ್ತಿದ್ದು ತೆಗ್ದಾಕಿ ಕಳ್ಸಾನೇನಮ್ಮ? ಡೈರಿ ಹೆಸ್ರೂ ಕೆಡ್ತದೆ."

"ಅದನ್ನ ತೆಗೆದರೆ ಯಾರೂ ಪುಸ್ತಕ ಬಿಚ್ಚಿ ನೋಡಲ್ಲ ಚಿಕ್ಕಣ್ಣ."

ಕಳಿಸಿದ. ಹಾಲಿನ ಎಲ್ಲ ವಾಟ್ಸಾಪ್ ಗ್ರೂಪುಗಳಿಗೂ.

ಏಪ್ರಿಲ್ 24, ಗುರುವಾರ

ಎರಡು ದಿನ ಬರೆಯಲು ಆಗಲಿಲ್ಲ. ಫೋನ್ ಕೆಳಗಿಟ್ಟರೆ ತಾನೆ. ಬೈದವರು, ಅತ್ತವರು, "ನಾವಿನ್ನೂ ತೊಳ್ದಿಲ್ಲ, ಬದುಕ್ದೆವು" ಅಂದವರು. ಒಕ್ಕೂಟದವರು ಎರಡನೇ ಮುದ್ರಣದ ಮಾತು ನಿಲ್ಲಿಸಿದ್ದಾರೆ. ಮೇಲಿನಿಂದ ವಿವರಣೆ ಕೇಳಿ ನೋಟಿಸ್ ಬಂತು. ಸಂಪತ್ ಓದಿ ಮಡಚಿಟ್ಟರು. ಸಂಜೆ ನೋಡಿದರೆ ವಾಪಸು ಬಂದ ಪ್ರತಿಗಳಿಗೆ ಕೂತು ಚೀಟಿ ಅಂಟಿಸುತ್ತಿದ್ದಾರೆ.

ಇವತ್ತು ಆಸ್ಪತ್ರೆಗೆ ಕರಿಯಯ್ಯ ಬಂದ. ಜನ ಇದ್ದರು. ಹೊರಗೆ ಹುಣಸೆಮರದ ಕೆಳಗೆ ಕರೆದುಕೊಂಡು ಹೋದೆ. ಕಿರುಚಾಡಬಹುದು ಅಂದುಕೊಂಡಿದ್ದೆ. ಮೆತ್ತಗೆ ಮಾತಾಡಿದ.

"ಅವತ್ತೇ ಹೇಳ್ಬೋದಿತ್ತಲ್ಲವ್ವ. ಔಷ್ದಿ ಜಾಸ್ತಿಯಾಯ್ತು ಅಂದ್ಬುಟ್ಟು ಹೋದ್ರಿ. ನಾನೇ ಕುಡಿದು ಬೆರೆಸ್ದೆ ಅಂತ ನನ್ನೆಂಡ್ರು ಮಕ ಕೊಟ್ಟು ಮಾತಾಡ್ತಿಲ್ಲ. ಕುಡಿಯದು ಬುಟ್ಟು ಎರಡು ವರ್ಷ ಆಗೈತೆ ನಾನು."

ಹೌದು, ಅವತ್ತೇ ಹೇಳಬೇಕಾಗಿತ್ತು ಅಂದೆ.

"ಫೋನಲ್ಲಿ ಊರಿಗೆಲ್ಲ ಹೇಳಿದ್ರಿ. ಅವ್ಳ ತಾವ ಫೋನಿಲ್ಲ. ನಾನು ಹೇಳಿದ್ರೆ ನಂಬಲ್ಲ. ಬಂದು ಹೇಳಿ."

ಅವನ ಸ್ಕೂಟರಿನ ಹಿಂದೆಯೇ ಹೋದೆ. ಆಕೆ ರಾಗಿ ಕೇರುತ್ತಿದ್ದಳು. ಪುಟ ತೆರೆದು ತೋರಿಸಿ ಹೇಳಿದೆ. ನನ್ನನ್ನು ನೋಡಲಿಲ್ಲ. ಗಂಡನನ್ನೇ ನೋಡುತ್ತಿದ್ದಳು. ಆಮೇಲೆ ಮೊರ ಕೆಳಗಿಟ್ಟು ಅವನಿಗೆ, "ಉಣ್ಣಕ್ಕಿಕ್ಕಲಾ?" ಅಂದಳು. ನನಗೆ ಕೂತ್ಕೊಳ್ಳಿ ಅನ್ನಲಿಲ್ಲ. ಅದು ಸರಿಯೇ.

ಏಪ್ರಿಲ್ 26, ಶನಿವಾರ

ಬೇಲೂರು, ಹಳೇಬೀಡು ಕಡೆಯವು ಹೆಚ್ಚುಕಮ್ಮಿ ಎಲ್ಲ ಸಿಕ್ಕವು. ಕೆಲವರು ಕೊಡದೆ, ಪೆನ್ನಿನಲ್ಲಿ ತಾವೇ ಚುಕ್ಕೆ ಇಟ್ಟುಕೊಂಡಿದ್ದಾರೆ. ಅರಸೀಕೆರೆ ಅಂಗಡಿಯವನು ಒಂದೂ ಮಾರಿಯೇ ಇರಲಿಲ್ಲ. ಪುಣ್ಯಾತ್ಮ. ಅಂಚೆಯಲ್ಲಿ ಹೋದವರ ವಿಳಾಸ ನನ್ನ ಹತ್ತಿರವೇ ಇತ್ತು, ಎಲ್ಲರಿಗೂ ತಿಳಿಸಿದ್ದಾಯಿತು.

ಉಳಿದದ್ದು ಬಿಕ್ಕೋಡು. ಜೀಪು ಕುಮಾರ ಊರಲ್ಲಿರಲಿಲ್ಲ, ಇವತ್ತು ಸಿಕ್ಕ. ಲೈನಿನವರದ್ದೆಲ್ಲ ಅವನೇ ವಿಚಾರಿಸಿದ. ಒಂದು ಬಾಕಿ. "ಲಕ್ಕಮ್ಮ ಅಂತ, ಒಂಟಿ ಹೆಂಗ್ಸು, ಒಂದೇ ಹಸ. ಅಲ್ಲಿ ಟವರ್ ಸಿಗಕ್ಕಿಲ್ಲ ಮೇಡಂ." ಬೆಳಗಾಗುತ್ತಲೇ ಹೊರಡುವುದು.

ಏಪ್ರಿಲ್ 27, ಭಾನುವಾರ, ಬಿಕ್ಕೋಡಿನ ಆಚೆ, ಎಸ್ಟೇಟ್ ಲೈನು

ಬಂದಾಗ ಹಸು ಆಗಲೇ ಮಲಗಿತ್ತು. ಮುಂಜಾನೆ ತೊಳೆದಿದ್ದಾಳೆ. ಜೊಲ್ಲು, ಕಿವಿ ತಣ್ಣಗೆ, ಚರ್ಮ ಅದುರುತ್ತಿದೆ. ನಾನು, ಕುಮಾರ, ಲಕ್ಕಮ್ಮ — ಮೂವರೂ ನಲ್ಲಿಯಿಂದ ನೀರು ಹೊತ್ತು ಹುಯ್ದೆವು. ಸೋಪು, ಮತ್ತೆ ನೀರು, ಮತ್ತೆ ಸೋಪು. ಇಂಜೆಕ್ಷನ್, ಡ್ರಿಪ್. ಈಗ ಕಾಯುವುದು ಬಿಟ್ಟರೆ ಕೆಲಸವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಲಕ್ಕಮ್ಮ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ಹಿಡಿದಿದ್ದಳು. "ಒಂದೊಂದೇ ಅಕ್ಷರ ಕೂಡಿಸ್ಕಂಡು ಓದ್ದೆ ಕಣವ್ವ. ಎಲ್ಲಿ ತಪ್ಪು ಓದ್ಬುಟ್ನೋ..."

"ನೀನು ಸರಿಯಾಗೇ ಓದಿದ್ದೀಯ ಲಕ್ಕಮ್ಮ. ತಪ್ಪು ಅಚ್ಚು ಹಾಕಿಸಿದ್ದು ನಾನು."

ಅವಳು ಪುಸ್ತಕ ಬಿಚ್ಚಿ ಆ ಅಂಕಿಯ ಮೇಲೆ ಬೆರಳಿಟ್ಟಳು. ಆಮೇಲೆ ಹಸುವಿನ ಕೊರಳ ಹತ್ತಿರ ಹೋಗಿ ಕೂತಳು. ಪುಸ್ತಕ ಕಲ್ಲಿನ ಮೇಲಿಟ್ಟಳು, ನನ್ನ ಕಡೆಗಲ್ಲ, ತನ್ನ ಕಡೆಗೆ.

ಡ್ರಿಪ್ ಅರ್ಧ ಇಳಿದಿದೆ. ಅದುರು ಕಡಿಮೆ. ನಿಜವಾಗಿಯೂ ಕಡಿಮೆಯೋ, ನನಗೆ ಹಾಗೆ ಕಾಣುತ್ತಿದೆಯೋ... ಬಾಲ ಆಡಿಸಿತು. ಹೌದು, ನೊಣಕ್ಕೆ ಬಾಲ ಬೀಸಿತು. ಕುಮಾರನೂ ನೋಡಿದ.

ಲಕ್ಕಮ್ಮ ಕೂಗುತ್ತಿದ್ದಾಳೆ. ಏಳಲು ನೋಡುತ್ತಿದೆ. ಹಸು ಏಳುವುದು ಹಿಂದಿನಿಂದ. ಹಿಂಗಾಲು ಎರಡೂ ಊರಿತು, ಸೊಂಟ ಮೇಲೆದ್ದಿದೆ, ಮುಂದಿನ ಮಂಡಿ ಇನ್ನೂ... ಹೋಗಿ ಹಿಡಿಯಬೇಕು.