ನಿಮ್ಮಪ್ಪನ ಹುಲ್ಲಿನ ಮಿಷಿನ್

ತಾರಮಂಗಲಂ
22-9-2024, ಭಾನುವಾರ

ಪ್ರೀತಿಯ ಮಗ ಮಣಿಗೆ,

ಅಮ್ಮ ಬರೆಯೋದು. ಹೆಂಗಿದ್ದೀಯಪ್ಪ? ಛತ್ತೀಸ್‌ಗಡದಲ್ಲಿ ಮಳೆ ನಿಲ್ತಾ? ನೀನು ಓಡಿಸೋ ಬೋರ್‌ವೆಲ್ ಲಾರಿ ಕೆಸರಲ್ಲಿ ಹೂತು, ನೀವೆಲ್ಲ ಬಿಸ್ಕತ್ ತಿಂದ್ಕೊಂಡು ಕೂತಿದ್ರಿ ಅಂತ ನನ್ನ ಸೊಸೆ ಶರಣ್ಯ ಹೇಳಿದಳು. ಬೆನ್ನುನೋವು ಹೆಂಗೈತೆ? ಅಲ್ಲಿ ರೊಟ್ಟಿ ನಿನಗೆ ಒಗ್ಗಲ್ಲ, ಗೊತ್ತು. ಅದಕ್ಕೇ ಪುಳಿಯೋಗರೆ ಗೊಜ್ಜು ಡಬ್ಬೀಲಿ ಹಾಕಿ ಕಳಿಸ್ತಿದ್ದೀನಿ, ಎಲ್ಲರಿಗೂ ಹಂಚಿ ಒಂದೇ ದಿನಕ್ಕೆ ಮುಗಿಸಬೇಡ. ಶರಣ್ಯ ಧರ್ಮಪುರಿಲಿ ಅವರಮ್ಮನ ಮನೇಲಿ ಚೆನ್ನಾಗವಳೆ. ಕಾಲು ಸ್ವಲ್ಪ ಊದೈತಂತೆ. ಏಳನೇ ತಿಂಗಳಲ್ಲಿ ನನಗೂ ಊದಿತ್ತು, ಗಾಬರಿ ಬೇಡ.

ಫೋನ್ ಇಟ್ಕೊಂಡು ಅಮ್ಮ ಕಾಗದ ಯಾಕೆ ಬರೀತಾಳೆ ಅಂತ ನಗಬೇಡ. ಫೋನ್ ಮಾಡಿದ್ರೆ ನಿಮ್ಮಪ್ಪ ಪಕ್ಕದಲ್ಲೇ ಕೂತಿರ್ತಾರೆ. ನಿಮ್ಮ ಲಾರಿಗೆ ಸಾಮಾನು ತರೋ ಅರುಣಾಚಲಂ ನಾಳೆ ಹೊರಡ್ತಾನಂತೆ, ಅವನ ಕೈಲಿ ಕೊಡ್ತೀನಿ. ನಾನು ತವರೂರು ತಳಿ ಇಸ್ಕೂಲಲ್ಲಿ ಕಲಿತು ನಿನಗೆ ಕಲಿಸಿದ ಕನ್ನಡ ಅಕ್ಷರಾನ ಅಲ್ಲಿ ನೀನು ಬಿಟ್ರೆ ಯಾರೂ ಓದಲ್ಲ. ನಿಧಾನಕ್ಕೆ ಕೂಡಿಸ್ಕೊಂಡು ಓದು.

ಅಪ್ಪ ಮಗ್ಗ ಬಿಟ್ಟು ಆ ಕಾಲೇಜಲ್ಲಿ ಹುಲ್ಲು ಕೊಯ್ಯೋ ಕೆಲಸಕ್ಕೆ ಸೇರಿದ್ದು ನಿನಗೆ ಗೊತ್ತಲ್ಲ. ಹೋದ ತಿಂಗಳು ಅವರು ತಳ್ಳೋ ಹುಲ್ಲಿನ ಮಿಷಿನ್ ಇಂಜಿನ್ ತಡವರಿಸೋಕೆ ಶುರುವಾಯ್ತು. ಒಂದ್ಸಲ ಗುರ್ ಅಂತ ಏರುತ್ತೆ, ಒಂದ್ಸಲ ಉಸಿರು ಕಟ್ಟಿದಂಗೆ ಇಳಿಯುತ್ತೆ. ಸ್ಟಾರ್ಟ್ ಮಾಡೋಕೆ ಹಗ್ಗ ಎಳೆದ್ರೆ ಕೈ ಹಿಂದಕ್ಕೆ ಕಿತ್ತುಕೊಳ್ಳುತ್ತೆ. ಕಾಲೇಜಲ್ಲಿ ಏನೋ ದೊಡ್ಡ ವಿಳಾ, ಸಮಾರಂಭ ಬೇರೆ ಇತ್ತು. ಅಲ್ಲಿನ ಮೇಸ್ತ್ರಿ ಧನಶೇಖರ್ ಅಪ್ಪನ್ನ ದಿನಾ ಕೇಳೋನು, ಈಶ್ವರನ್ ಅಣ್ಣಾ, ಎಪ್ಪೋ ಮುಡಿಯುಂ, ಯಾವಾಗ ಮುಗಿಯುತ್ತೆ ಅಂತ. ಅಪ್ಪ ಅದನ್ನ ಆಟೋಲಿ ಹಾಕಿಸ್ಕೊಂಡು ಮನೆಗೇ ತಂದರು. ಮಗ್ಗದ ಗುಂಡಿ ಪಕ್ಕ ಹಳೇ ಸೀರೆ ಹಾಸಿ, ಅದರ ಮೇಲೆ ಮಿಷಿನ್ ಮಲಗಿಸಿ ಕೂತರು.

ಮೊದಲು ಪೆಟ್ರೋಲು ಹಳೇದು ಅಂದ್ರು, ಚೆಲ್ಲಿ ಹೊಸದು ಹಾಕಿದ್ರು. ಆಗಲಿಲ್ಲ. ಏರ್ ಫಿಲ್ಟರ್ ಬಿಚ್ಚಿ ನಾನೇ ಸೋಪಲ್ಲಿ ತೊಳೆದು ನೆರಳಲ್ಲಿ ಒಣಗಿಸಿದೆ. ಆಗಲಿಲ್ಲ. ಪ್ಲಗ್ ಬಿಚ್ಚಿ ನನ್ನ ಕೈಗೆ ಕೊಟ್ಟು, "ರಾಜಾತಿ, ಕಪ್ಪಗೈತಾ, ಕಂದು ಬಣ್ಣ ಐತಾ ನೋಡು" ಅಂದ್ರು. ಕಂದು ಅಂದೆ. "ಅಂಗಾದ್ರೆ ಪ್ಲಗ್ಗಲ್ಲಿ ಏನಿಲ್ಲ" ಅಂದ್ರು. ಕಾರ್ಬೊರೇಟರ್ ಬಿಚ್ಚಿದಾಗಲೂ ಅಷ್ಟೇ, "ಈ ತೂತಲ್ಲಿ ಬೆಳಕು ಕಾಣುತ್ತಾ ನೋಡು" ಅಂತ ನನ್ನನ್ನೇ ಕೇಳೋರು. ನನಗೆ ಒಳಗೊಳಗೇ ಸಂತೋಷ ಕಣೋ. ಇಷ್ಟು ವರ್ಷ ಆದಮೇಲೆ ನನಗೂ ಒಂದು ಕೆಲಸ ಕಲಿಸ್ತಾವ್ರೆ ಅಂದ್ಕೊಂಡೆ. ಸೆರಗಿಗೆಲ್ಲ ಪೆಟ್ರೋಲ್ ವಾಸನೆ, ಆದ್ರೂ ಪಕ್ಕದಲ್ಲೇ ಕೂತಿರ್ತಿದ್ದೆ. ಇಬ್ಬರೂ ಅಷ್ಟು ಹೊತ್ತು ಒಟ್ಟಿಗೆ ಕೂತಿದ್ದೇ ಇಲ್ಲ.

ಏನು ಮಾಡಿದ್ರೂ ಇಂಜಿನ್ ಸರಿಹೋಗಲಿಲ್ಲ. ಕೊನೆಗೆ ಬಸ್ ಸ್ಟಾಂಡ್ ಹತ್ರ ಲಕ್ಷ್ಮಣನ್ ವರ್ಕ್‌ಶಾಪಿಗೆ ತಗೊಂಡು ಹೋದ್ವಿ. ಅವನು ಮೊದಲು ಇಂಜಿನ್ ಮುಟ್ಟಲೇ ಇಲ್ಲ, ಮಿಷಿನ್ ಮಗುಚಿ ಬ್ಲೇಡ್ ನೋಡಿದ. ಬ್ಲೇಡ್ ತುಂಬ ಏಟು, ಇಲಿ ಕಡಿದ ಕೊಬ್ಬರಿ ಥರ. ಆಮೇಲೆ ಇಂಜಿನ್ ಮೇಲಿನ ಚಕ್ರ ಬಿಚ್ಚಿ ತೋರಿಸಿದ. ಚಕ್ರ ಜರುಗದಂಗೆ ಹಿಡಿಯೋ ಒಂದು ಸಣ್ಣ ಕೀ ಇರುತ್ತಂತೆ, ಅದು ಅರ್ಧ ಕತ್ತರಿಸಿ ಹೋಗಿತ್ತು. ಅದಕ್ಕೇ ಕಿಡಿ ಹೊತ್ತಿಗೆ ಸರಿಯಾಗಿ ಬರ್ತಿಲ್ಲ ಅಂದ. ಕೀ ಬದಲಾಯಿಸಿದ, ತಡವರಿಸೋದು ನಿಂತಿತು. ಆದ್ರೆ ಇಡೀ ಮಿಷಿನ್ ಗಡಗಡ ನಡುಗಿತು. ಒಳಗಿನ ಕ್ರಾಂಕ್ ಕಂಬಿಯೇ ಬಾಗೈತೆ, ಇನ್ನು ಈ ಇಂಜಿನ್ ಅಷ್ಟೇ, ಅಂದ. "ಅಣ್ಣಾ, ಕಲ್ಲಿಗೆ ಹೊಡೆದ್ರಾ?" ಅಂತ ಕೇಳಿದ. ಅಪ್ಪ ಇಲ್ಲ ಅಂದ್ರು. ಲಕ್ಷ್ಮಣನ್ ಬ್ಲೇಡ್ ನೋಡಿದ, ನನ್ನನ್ನ ನೋಡಿದ.

ಮಾರನೇ ದಿನ ಧನಶೇಖರ್‌ಗೆ ವಿಷಯ ಹೇಳೋಕೆ ಅಪ್ಪನ ಜೊತೆ ನಾನೂ ಕಾಲೇಜಿಗೆ ಹೋದೆ. ಅವನು ನನ್ನನ್ನ ಮೈದಾನಕ್ಕೆ ಕರ್ಕೊಂಡು ಹೋಗಿ ತೋರಿಸಿದ. ನೀರು ಚಿಮ್ಮೋ ಕಬ್ಬಿಣದ ಪೈಪುಗಳ ತಲೆಯೆಲ್ಲ ಬ್ಲೇಡ್ ಬಡಿದು ಹಾರಿಹೋಗಿತ್ತು. ಹುಲ್ಲು ಒಂದು ಪಟ್ಟಿ ಕೊಯ್ದು, ಒಂದು ಪಟ್ಟಿ ಹಂಗೇ ಬಿಟ್ಟಿತ್ತು, ಕೈತಪ್ಪಿ ನೇಯ್ದ ಬಟ್ಟೆ ಹಂಗೆ. "ಕುಡೀತಾರಾ ಅಕ್ಕಾ?" ಅಂತ ಮೆಲ್ಲಗೆ ಕೇಳಿದ. ನನಗೆ ಕೋಪ ಬಂತು. ನಿಮ್ಮಪ್ಪ ಹೆಂಡದ ವಾಸನೆ ಕೂಡ ನೋಡಿದೋರಲ್ಲ.

ಮನೆಗೆ ಬಂದು ಕೇಳಿದೆ. ಮೊದಲು ಗದರಿದ್ರು. ಆಮೇಲೆ ಗೋಡೆ ಕಡೆ ತಿರುಗಿ ಹೇಳಿದ್ರು. "ಎದುರಿಗೆ ಇರೋದು ಕಾಣುತ್ತೆ ರಾಜಾತಿ, ಮಬ್ಬಾಗಿ. ಪಕ್ಕದಲ್ಲಿ ಏನೂ ಇಲ್ಲ. ಗೋಡೆ ಕಟ್ಟಿದಂಗೆ ಐತೆ. ಮಗ್ಗ ಬಿಟ್ಟಿದ್ದು ಕೂಲಿ ಸಾಲದು ಅಂತಲ್ಲ. ಅಂಚಲ್ಲಿ ಎಳೆ ಕಡಿದ್ರೆ ಕಾಣ್ತಿರಲಿಲ್ಲ. ಉಲ್ಲು ಕೊಯ್ಯೋದಾದ್ರೆ ಎಂಗೋ ತಳ್ಕೊಂಡು ಓಗಬಹುದು ಅಂದ್ಕೊಂಡೆ." ನಾನು ಕೆಲಸ ಕಲೀತಿದ್ದೀನಿ ಅಂದ್ಕೊಂಡಿದ್ದೆ ಮಣಿ. ಅವರಿಗೆ ನನ್ನ ಕಣ್ಣು ಬೇಕಾಗಿತ್ತು.

ಸೇಲಂಗೆ ಕರ್ಕೊಂಡು ಹೋಗಿ ಕಣ್ಣಾಸ್ಪತ್ರೆಲಿ ತೋರಿಸಿದೆ. ಕಣ್ಣೊಳಗೆ ಒತ್ತಡ ಜಾಸ್ತಿಯಾಗಿ ನರ ಒಣಗೈತಂತೆ. ನೋವಿಲ್ಲದೆ ಬರೋ ಕಾಯಿಲೆ ಅದು, ಗೊತ್ತಾಗೋ ಹೊತ್ತಿಗೆ ಮುಕ್ಕಾಲು ತಿಂದುಬಿಟ್ಟಿರುತ್ತಂತೆ. ಆಪರೇಷನ್ ಮಾಡಿ ಅಂತ ಕೈಮುಗಿದೆ. ಡಾಕ್ಟ್ರಮ್ಮ, "ಪೋನದು ತಿರುಂಬ ವರಾದಮ್ಮಾ" ಅಂದುಬಿಟ್ಟರು. ಹೋಗಿದ್ದು ತಿರುಗಿ ಬರಲ್ಲ. ಉಳಿದಿರೋದು ಉಳಿಸೋಕೆ ಹನಿ ಮದ್ದು ಕೊಟ್ಟವ್ರೆ, ಅದೂ ಎಷ್ಟು ದಿನವೋ ಹೇಳೋಕಾಗಲ್ಲವಂತೆ. ಬಸ್ಸಿಂದ ಇಳಿಯುವಾಗ ಅಪ್ಪ ನನ್ನ ಭುಜ ಹಿಡ್ಕೊಂಡ್ರು. ಇದುವರೆಗೂ ಜನರ ಎದುರಿಗೆ ಅವರು ನನ್ನ ಮುಟ್ಟಿದ್ದೇ ಇಲ್ಲ.

ಕೆಲಸದಿಂದ ತೆಗೆದವ್ರೆ. ಮಿಷಿನ್ ಕಾಲೇಜಿನೋರೇ ಗುಜರಿಗೆ ಹಾಕಿದ್ರು. ಅಪ್ಪ ಈಗ ಮಗ್ಗದ ಗುಂಡಿಗೆ ಕಾಲು ಇಳಿಬಿಟ್ಟುಕೊಂಡು ಕೂತಿರ್ತಾರೆ. ನೂಲು ಸುತ್ತೋಣ ಬನ್ನಿ ಅಂತ ಕರೆದ್ರೆ, ಸಿಕ್ಕಾಗುತ್ತೆ ಬೇಡ ಅಂತಾರೆ. ನಿನ್ನೆ ಪುರಟ್ಟಾಸಿ ತಿಂಗಳ ಮೊದಲ ಶನಿವಾರ, ದೇವರಿಗೆ ದೀಪ ಹಚ್ಚಿದೆ, ಏನು ಕೇಳ್ಕೊಳ್ಳಬೇಕು ಅಂತ ತಿಳಿಯಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮ ಮೇಸ್ತ್ರಿಗೂ ಅಡುಗೆಯವರಿಗೂ ಕೇಳಿದೆ ಅಂತ ಹೇಳು. ಚೌಡೇಶ್ವರಮ್ಮ ನಿನ್ನ ತಲೆ ಕಾಯಲಿ.

ಇಂತಿ,
ನಿನ್ನ ಅಮ್ಮ
ರಾಜಾತಿ

ಇದನ್ನ ಮೇಲೆ ಬರೆಯೋದು ಮರೆತೆ ಅಂದ್ಕೋಬೇಡ, ಬರೆಯೋಕೆ ಕೈ ಬರಲಿಲ್ಲ. ನಾಳೆ ಅಂದಿದ್ದ ಅರುಣಾಚಲಂ ಇವತ್ತೇ ಹೊರಡ್ತಾನಂತೆ, ಬಾಗಿಲಲ್ಲಿ ಹಾರ್ನ್ ಹೊಡೀತಾವ್ನೆ. ಡಾಕ್ಟ್ರಮ್ಮ ಮಕ್ಕಳೆಷ್ಟು ಅಂತ ಕೇಳಿದ್ರು. ಒಬ್ಬನೇ, ಲಾರಿ ಓಡಿಸ್ತಾನೆ ಅಂದೆ. ಬರೆಯೋದು ನಿಲ್ಲಿಸಿ ನನ್ನ ಮುಖ ನೋಡಿದ್ರು. ಈ ಕಣ್ಣಿನ ಕಾಯಿಲೆ ರಕ್ತದಲ್ಲಿ ಬರುತ್ತಂತೆ ಕಣೋ. ಆಡಿ ತಿಂಗಳ ಹಬ್ಬಕ್ಕೆ ಬಂದಾಗ ನೀನು ಬೈಕಲ್ಲಿ ಎಡಗಡೆ ನಿಂತಿದ್ದ ಪಳನಿಯಮ್ಮನ ಹಸೂಗೆ ಹೊಡೆದು, ಕಾಣಲೇ ಇಲ್ಲಮ್ಮ ಅಂದೆ. ನಾವೆಲ್ಲ ನಕ್ಕುಬಿಟ್ವಿ. ಇದನ್ನ ಅಪ್ಪನಿಗೂ ಹೇಳಿಲ್ಲ, ಶರಣ್ಯಗೂ ಹೇಳಿಲ್ಲ. ಕಣ್ಣು ತೋರಿಸೋವರೆಗೂ ಲಾರಿ ಕೀ ಬೇರೆಯವರ ಕೈಗೆ ಕೊಟ್ಟುಬಿಡು ಮಣಿ. ಕೆಲಸ ಹೋದ್ರೂ ಹೋಗಲಿ. ಇವತ್ತೇ ಕೊಡು.