ಕಂಬಳಿ ಯಾರಿಗ?

ಶಹಾಪುರ, ಇಚಲಕರಂಜಿ
ತಾ. 10-2-2025

ನಮ್ಮ ಮಗಳು ಮನಾಲಿಯ ಪ್ರೀತಿಯ ಅಪ್ಪನವರಿಗೆ, ನಿಮ್ಮ ಸರಿತಾಳ ನಮಸ್ಕಾರ.

ಹೇಗಿದ್ದೀರಿ? ಹಿಮದಲ್ಲಿ ಕಾಲ್ಬೆರಳು ಬಾತಿವೆ ಎಂದು ಬರೆದಿದ್ದಿರಿ, ಈಗ ಬೂಟು ಹಾಕಲು ಬರುತ್ತದೆಯೇ? ಅತ್ತೆ ಕೊಟ್ಟ ಉಣ್ಣೆಯ ಕಾಲುಚೀಲವನ್ನು ಪೆಟ್ಟಿಗೆಯಲ್ಲೇ ಇಟ್ಟಿರಬೇಡಿ. ಆ ಎತ್ತರದ ಸೈನ್ಯದ ಠಾಣೆಯಿಂದ ಫೋನು ಹತ್ತುವುದಿಲ್ಲ ಎಂದು ಗೊತ್ತಿದ್ದರೂ ಸಂಜೆಯಾದರೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತೇನೆ. ನಾವಿಬ್ಬರೂ ಆರಾಮ ಇದ್ದೇವೆ.

ಮೂರು ವರ್ಷ ತುಂಬಿದರೂ ಮನಾಲಿಗೆ ಮಾತು ಬಂದಿಲ್ಲ ಎಂಬುದನ್ನು ಕಳೆದ ರಜೆಯಲ್ಲಿ ನೀವೇ ನೋಡಿದ್ದಿರಿ. "ನಾನೂ ತಡಾ ಮಾಡೇ ಮಾತಾಡಿದಾಂವ, ಬಿಡು" ಎಂದು ನಕ್ಕು ಹೋದಿರಿ. ನನಗೆ ನಗು ಬರಲಿಲ್ಲ. ಸುತ್ತಲೂ ಕರೆಂಟಿನ ಮಗ್ಗದ ಶೆಡ್ಡುಗಳು, ಹಗಲೆಲ್ಲ ಖಟಖಟ. ಎಷ್ಟು ಕೂಗಿದರೂ ಹುಡುಗಿ ತಿರುಗುತ್ತಿರಲಿಲ್ಲ. ಕಿವಿಯೇ ಕೇಳುವುದಿಲ್ಲವೇನೋ ಎಂದು ಹೆದರಿ ಕೊಲ್ಲಾಪುರದ ದವಾಖಾನೆಗೆ ಒಬ್ಬಳೇ ಕರೆದುಕೊಂಡು ಹೋದೆ. ಕಿವಿ ಚೆನ್ನಾಗಿವೆಯಂತೆ. ಮನೆಯಲ್ಲಿ ಇವಳ ಜೊತೆ ಯಾರು ಮಾತಾಡುತ್ತಾರೆ ಎಂದು ಡಾಕ್ಟರ್ ಬಾಯಿಯವರು ಮರಾಠಿಯಲ್ಲಿ ಕೇಳಿದರು. ಫೋನಿನಲ್ಲಿ ಇಂಗ್ಲಿಷ್ ಶಿಶುಗೀತೆ ಹಚ್ಚಿಕೊಡುತ್ತೇನೆ, ಅಲುಗದೆ ನೋಡುತ್ತಾಳೆ ಎಂದೆ. ಅದಕ್ಕವರು, ಫೋನು ಹಾಡುತ್ತದೆ, ಆದರೆ ಮಗು ಏನಾದರೂ ಅಂದೀತು ಎಂದು ಕಾಯುವುದಿಲ್ಲ. ನೀವೇ ಅವಳ ಮುಖ ನೋಡುತ್ತ ಹಾಡಿ, ಕೈ ಆಡಿಸಿ, ಕೊನೆಯ ಮಾತೊಂದನ್ನು ಬಿಟ್ಟು ಸುಮ್ಮನಿರಿ, ಎಂದಾದರೂ ಅವಳೇ ತುಂಬುತ್ತಾಳೆ ಎಂದರು. ಯಾರು ಮಾತಾಡುತ್ತಾರೆ ಎಂದು ಕೇಳಿದಾಗ ನಾನು ಫೋನಿನ ಮಾತು ತೆಗೆದು ತಪ್ಪಿಸಿಕೊಂಡಿದ್ದೆ. ನೀವು ಹೋದಮೇಲೆ ಈ ಒಂದೇ ಖೋಲಿಯ ಮನೆಯಲ್ಲಿ ಮಾತು ಬಿಟ್ಟವಳು ನಾನೇ.

ಮನೆಗೆ ಬಂದು ಬಾಗಿಲು ಹಾಕಿಕೊಂಡು ಹಾಡಲು ಕೂತೆ. ದನಿಯೇ ಹೊರಡಲಿಲ್ಲ. ನಾಚಿಕೆ ಒಂದು ಕಡೆ, ಮಗ್ಗದ ಸದ್ದು ಇನ್ನೊಂದು ಕಡೆ. ಅದಕ್ಕೇ ಗಡಹಿಂಗ್ಲಜದ ಬಸ್ಸು ಹತ್ತಿ ನಮ್ಮ ಊರಿಗೆ ಹೋದೆ. ಅತ್ತೆ ಹಟ್ಟಿಯಲ್ಲಿ ಎಳೆ ಕುರಿಮರಿಗೆ ಬಾಟಲಿಯಿಂದ ಹಾಲು ಕುಡಿಸುತ್ತಿದ್ದರು. ವಿಷಯ ಕೇಳಿ ಅಳಲಿಲ್ಲ, ಬೈಯಲೂ ಇಲ್ಲ. "ಮಾತ ಅಂದ್ರ ಹಾಲ ಇದ್ದಂಗವಾ, ಬಾಯಿ ಹಚ್ಚಿ ಕುಡಿಸಬೇಕ" ಎಂದು ಮನಾಲಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಶುರು ಮಾಡಿಯೇಬಿಟ್ಟರು:

ಕರಿಕುರಿ ಕೆಮ್ಮಿತು, ಬಿಳಿಕುರಿ ಸೀನಿತು,
ಗುಡ್ಡದ ಗಾಳಿ ಬೀಸಿತು,
ಕಂಬಳಿ ಯಾರಿಗ? ಮರಿಗ!

ಕೆಮ್ಮುವಲ್ಲಿ ಕೆಮ್ಮಿದರು, ಸೀನುವಲ್ಲಿ ಸೀನಿದರು, ಗಾಳಿ ಬಂದಾಗ ಅವಳ ಕಿವಿಯಲ್ಲಿ ಊದಿದರು, ಕೊನೆಗೆ ಸೆರಗು ಹೊದಿಸಿದರು. ಮನಾಲಿ ಅವರ ಬಾಯಿಯನ್ನೇ ನೋಡುತ್ತಿದ್ದಳು. ಎರಡನೆಯ ದಿನ ಸೀನುವುದಕ್ಕೆ ಮೊದಲೇ ಮೂಗು ಮುದುಡಿದಳು. ಯಾವಾಗಲೂ ಬಿಗುವಾಗಿರುವ ಮಾವನವರೂ ತಲೆಯ ಪಟಕಾ ತೆಗೆದಿಟ್ಟು "ಎಲ್ಲಿ, ನಾ ಒಮ್ಮೆ ಕೆಮ್ಮತೇನಿ" ಎಂದು ಬಂದು ಕೂತರು. ನಾನು ನಕ್ಕೆ. ನನ್ನ ನಗು ನನಗೇ ಹೊಸದೆನಿಸಿತು.

ಇಲ್ಲಿಗೆ ಮರಳಿದ ಮೇಲೆ ದಿನಾಲೂ ಹಾಡಿದೆ. "ಕಂಬಳಿ ಯಾರಿಗ?" ಎಂದು ನಿಲ್ಲಿಸಿ ಕಾಯುತ್ತಿದ್ದೆ. ಅವಳು ಸೆರಗು ಎಳೆದುಕೊಳ್ಳುತ್ತಿದ್ದಳು, ಮಾತಿಲ್ಲ. ಹೀಗೆ ಕಾಯುವುದು ಎಷ್ಟು ಕಷ್ಟ ಎಂದು ನಿಮಗೆ ಹೇಳಬೇಕಾಗಿಲ್ಲ. ಮೊನ್ನೆ ಮಧ್ಯಾಹ್ನ ನಾನು ಹಾಡುತ್ತಿರುವಾಗಲೇ ಕರೆಂಟು ಹೋಯಿತು. ಓಣಿಯ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ನಾನೂ ಬೆಚ್ಚಿ ನಿಲ್ಲಿಸಿದೆ. ಆ ನಿಶ್ಶಬ್ದದಲ್ಲಿ ಹುಡುಗಿ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡು, "ಮಯಿಗ" ಎಂದಳು.

ನಾನು ಅಳುವುದನ್ನು ನೋಡಿ ಹೆದರಿಯಾಳು ಎಂದು ಮತ್ತೆ ಹಾಡಿದೆ. ಮತ್ತೆ ಅಂದಳು. ಕರೆಂಟು ಬಂದಮೇಲೂ ಅಂದಳು. ಈಗ ರೊಟ್ಟಿ ಬಡಿದರೂ "ಯಾಯಿಗ?" ಎಂದು ಕೇಳುತ್ತಾಳೆ. ನಿನ್ನೆ ಪೆಟ್ಟಿಗೆಯಿಂದ ನಿಮ್ಮ ಅಂಗಿ ತೆಗೆದು ಬಿಸಿಲಿಗೆ ಹಾಕುತ್ತಿದ್ದೆ. "ಯಾಯಿಗ?" ಎಂದಳು. ಅಪ್ಪಗ ಎಂದೆ. ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

ಅತ್ತೆ ಮಾವ ನಿಮಗೆ ಆಶೀರ್ವಾದ ತಿಳಿಸಿದ್ದಾರೆ. ಗುಡ್ಡದ ದೇವರು ನಿಮ್ಮ ಬೆನ್ನಿಗಿರಲಿ. ಊಟ ಬಿಡಬೇಡಿ.

ನಿಮ್ಮ,
ಸರಿತಾ

ತಾ.ಕ.: ಟಪಾಲು ತೆಗೆಯುವ ಹೊತ್ತಾಯಿತು, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಯಾವುದಕ್ಕಾಗಿ ನೀವು ನಮಗೆ ಇಲ್ಲಿ ಖೋಲಿ ಮಾಡಿಕೊಟ್ಟಿರೋ ಆ ಇಂಗ್ಲಿಷ್ ಶಾಲೆಗೆ ಮನಾಲಿಯ ಹೆಸರು ಹಚ್ಚಿಲ್ಲ. ಖೋಲಿ ಬಿಡುತ್ತೇವೆ ಎಂದು ಮಾಲಕರಿಗೆ ಹೇಳಿಯಾಗಿದೆ. ಇನ್ನು ಅತ್ತೆಯ ಹತ್ತಿರವೇ ಇರುತ್ತೇವೆ. ಅಲ್ಲಿ ಅವಳಿಗೆ ಹಾಡುವವರಿದ್ದಾರೆ, ನನಗೂ ಮಾತಾಡಲು ಜನರಿದ್ದಾರೆ. ನಿಮಗೆ ಸಿಟ್ಟು ಬರುತ್ತದೆ, ಗೊತ್ತು. ಪತ್ರದಲ್ಲಿ ಸಿಟ್ಟು ಮಾಡಬೇಡಿ. ರಜೆ ಹಾಕಿ ಬಂದು, ನನ್ನ ಎದುರಿಗೆ ನಿಂತು ಮಾಡಿರಿ.